ಸತ್ತವರ ಪರವಾಗಿ ಕೇಳುವವರು: ‘ಕವಲುದಾರಿ’ಯನ್ನು ಮತ್ತೆ ನೋಡಿದಾಗ

ಹೇಮಂತ್ ಎಂ. ರಾವ್ ನಿರ್ದೇಶನದ ‘ಕವಲುದಾರಿ’ಯನ್ನು ನಾನು ಮೂರನೇ ಸಲ ನೋಡಿದ್ದು ನಮ್ಮೂರು ದೇವಿಕೊಪ್ಪದಲ್ಲಿ, ಮನೆಯ ಪಡಸಾಲೆಯಲ್ಲಿ ಕೂತು, ಫೋನನ್ನು ನೀರಿನ ತಂಬಿಗೆಗೆ ಆನಿಸಿಟ್ಟು. ಪಕ್ಕದಲ್ಲಿ ಅಪ್ಪನ ತಾಯಿ, ನಮ್ಮ ಆಯಿ ಇದ್ದಳು. ಅವಳಿಗೆ ಅನಂತನಾಗ್ ಅಂದರೆ ಇಷ್ಟ. ನಡುನಡುವೆ ತೂಕಡಿಸಿದಳು, ಎದ್ದಳು, ಏನಾತು ಅಂತ ಕೇಳಿದಳು, ಹೇಳಿದೆ. ಸಿನಿಮಾ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಯವ್ವಾ, ಆ ಮನಷ್ಯಾ ಕಳ್ಳ ಅಲ್ಲಂತ ಊರ ಮಂದಿಗೆ ಯಾರರ ಹೇಳಿದ್ರೇನ?”

ನಾನು ತಡವರಿಸಿದೆ. ಮೂರು ಸಲ ನೋಡಿದ ಮೇಲೂ ಚಿತ್ರದ ಕೊನೆಯ ಭಾಗದಿಂದ ನನ್ನ ಮನಸ್ಸಿನಲ್ಲಿ ಉಳಿದದ್ದು ಅನಂತನಾಗ್ ಅವರ ಮುಖ ಮಾತ್ರ. ಆಯಿ ಕೇಳಿದ ಆ ಮನುಷ್ಯನ ಮುಖ ನನಗೆ ಸರಿಯಾಗಿ ನೆನಪಿಗೇ ಬರಲಿಲ್ಲ. ಯಾಕೆ ಹೀಗಾಯಿತು ಎಂದು ಯೋಚಿಸುತ್ತ ಹೋದಾಗ ಈ ಬರಹ ಹುಟ್ಟಿತು.

ಚಿತ್ರ ಬಂದದ್ದು 2019ರ ಏಪ್ರಿಲ್ 12ರಂದು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್‌ನ ಮೊದಲ ಚಿತ್ರ ಅದು. ಬೆಂಗಳೂರಿನ ಟ್ರಾಫಿಕ್ ಸಬ್ ಇನ್‌ಸ್ಪೆಕ್ಟರ್ ಶ್ಯಾಮ್ (ರಿಷಿ) ಅಪರಾಧ ವಿಭಾಗ ಸೇರಬೇಕೆಂಬ ಆಸೆಯಲ್ಲಿ ಸಿಗ್ನಲ್ಲುಗಳ ನಡುವೆ ದಿನ ದೂಡುತ್ತಿದ್ದಾನೆ. ನೆಲ ಅಗೆಯುವಾಗ ಮೂವರ ಮೂಳೆಗಳು ಸಿಗುತ್ತವೆ. ಅದರಲ್ಲಿ ಒಂದು ಮಗುವಿನದು. ತನಿಖೆ ಮಾಡಬೇಕಾದವರಿಗೆ ಅದರಲ್ಲಿ ಆಸಕ್ತಿಯಿಲ್ಲ. ಮಾಡಬಯಸುವ ಶ್ಯಾಮ್‌ಗೆ ಅಧಿಕಾರವಿಲ್ಲ. ಅವನು ಹಳೆಯ ಕಡತಗಳ ಬೆನ್ನು ಹತ್ತಿ ತುರ್ತು ಪರಿಸ್ಥಿತಿಯ ಕಾಲಕ್ಕೆ ಹೋಗುತ್ತಾನೆ. ಅಲ್ಲಿ ಪುರಾತತ್ವ ಇಲಾಖೆಯ ಅಧಿಕಾರಿ ಗುರುದಾಸ ನಾಯಕ ಹೆಂಡತಿ, ಮಗಳ ಸಮೇತ ಕಾಣೆಯಾಗಿದ್ದಾನೆ. ಬೆಲೆಬಾಳುವ ಪುರಾತನ ವಸ್ತುಗಳೂ ಕಾಣೆಯಾಗಿವೆ. ಅವನೇ ಕದ್ದು ಸಂಸಾರ ಕಟ್ಟಿಕೊಂಡು ಓಡಿಹೋದ ಎಂಬಲ್ಲಿಗೆ ಕಡತ ಮುಚ್ಚಿಕೊಂಡಿದೆ. ಆ ಪ್ರಕರಣವನ್ನು ಅಂದು ನೋಡಿದ್ದ ಇನ್‌ಸ್ಪೆಕ್ಟರ್ ಮುತ್ತಣ್ಣ (ಅನಂತನಾಗ್) ಈಗ ನಿವೃತ್ತ. ಹೆಂಡತಿ, ಮಗಳನ್ನು ಕಳೆದುಕೊಂಡು ಕುಡಿತಕ್ಕೆ ಬಿದ್ದ ಒಂಟಿ ಮುದುಕ.

ನೋಡದವರಿಗಾಗಿ ಕೊನೆಯನ್ನು ಇಲ್ಲಿ ಬಿಚ್ಚಿಡುವುದಿಲ್ಲ. ನನ್ನ ಮಾತಿಗೆ ಇಷ್ಟು ಕಥೆ ಸಾಕು.

ಕನ್ನಡದ ಪತ್ತೇದಾರನಿಗೆ ಮೊದಲಿನಿಂದಲೂ ಹೀಗೆ ಗಾಯವಿತ್ತೇ? ಇರಲಿಲ್ಲ. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ರಾತ್ರಿ ನಿದ್ದೆ ಬಾರದ ತೊಂದರೆಯಿಲ್ಲ. ಅಪರಾಧ ಅವನ ಹೊರಗಿದೆ, ಅವನು ಅದನ್ನು ಬಿಡಿಸಿ ಮುಂದಿನ ಪುಸ್ತಕಕ್ಕೆ ಹೋಗುತ್ತಾನೆ. ಓದುಗರಿಗೆ ಬೇಕಾದದ್ದು ಅವನ ಬುದ್ಧಿ. ಅವನ ದುಃಖವನ್ನು ಯಾರೂ ಕೇಳಿರಲಿಲ್ಲ.

ಪೊಲೀಸನ ಗಾಯವನ್ನೇ ಕಥೆಯ ಎಂಜಿನ್ ಮಾಡಿದ್ದು, ನನ್ನ ಓದಿನ ಪ್ರಕಾರ, 1981ರ ‘ಅಂತ’. ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿ ರಾಜೇಂದ್ರಸಿಂಗ್ ಬಾಬು ಮಾಡಿದ ಚಿತ್ರ. ಅಂಬರೀಶ್ ನಟಿಸಿದ ಇನ್‌ಸ್ಪೆಕ್ಟರ್ ಸುಶೀಲ್‌ಕುಮಾರ್ ತನ್ನಂತೆಯೇ ಕಾಣುವ ಪಾತಕಿ ಕನ್ವರ್‌ಲಾಲ್‌ನ ವೇಷದಲ್ಲಿ ಗ್ಯಾಂಗಿನೊಳಗೆ ಹೋಗುತ್ತಾನೆ. ಅವನ ಮೈಮೇಲೆ, ಗರ್ಭಿಣಿ ಹೆಂಡತಿಯ ಮೇಲೆ ನಡೆಯುವ ಹಿಂಸೆಯನ್ನು ಇವತ್ತು ನೋಡಿದರೂ ಹೊಟ್ಟೆ ತೊಳಸುತ್ತದೆ. ಆ ಹಿಂಸೆ ಕಥೆಯಲ್ಲಿ ಒಂದು ಕೆಲಸ ಮಾಡುತ್ತದೆ. ಅಷ್ಟನ್ನೆಲ್ಲ ಉಂಡವನು ಮುಂದೆ ಏನು ಮಾಡಿದರೂ ನಾವು ಬೇಡ ಅನ್ನುವುದಿಲ್ಲ. ಗಾಯ ಅವನಿಗೆ ಪರವಾನಗಿ ಆಗುತ್ತದೆ.

1988ರಲ್ಲಿ ಪಿ. ನಂಜುಂಡಪ್ಪ ನಿರ್ದೇಶನದ ‘ಎಸ್.ಪಿ. ಸಾಂಗ್ಲಿಯಾನ’ ಬಂದಾಗ ಗಾಳಿ ಬೇರೆಯಾಗಿತ್ತು. ಕರ್ನಾಟಕದಲ್ಲಿ ಸೇವೆಯಲ್ಲಿದ್ದ ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರನ್ನೇ ಹೊತ್ತ ಚಿತ್ರ ಅದು. ಶಂಕರ್‌ನಾಗ್ ಅವರ ಪೊಲೀಸ್ ವೇಷ ಬದಲಿಸುತ್ತಾನೆ, ನಗಿಸುತ್ತಾನೆ, ಚುರುಕಾಗಿ ಓಡಾಡುತ್ತಾನೆ. ಈ ವ್ಯವಸ್ಥೆಯಲ್ಲಿ ಒಬ್ಬ ಒಳ್ಳೆಯ ಅಧಿಕಾರಿ ಸಾಕು ಎಂಬ ಭರವಸೆ ಅಲ್ಲಿದೆ. 31 ವರ್ಷಗಳ ನಂತರ ಅದೇ ಶಂಕರ್‌ನಾಗ್ ಅವರ ಅಣ್ಣ ಅನಂತನಾಗ್ ಮುತ್ತಣ್ಣನಾಗಿ ಬಂದು ಕುಡಿದು ಕೂತಿರುವುದನ್ನು ನೋಡಿದಾಗ, ಆ ಭರವಸೆಗೆ ಏನಾಯಿತು ಎಂಬುದಕ್ಕೆ ಬೇರೆ ಉತ್ತರ ಬೇಕಾಗುವುದಿಲ್ಲ. ನಿರ್ದೇಶಕರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಕನ್ನಡದ ನೋಡುಗರ ನೆನಪಿನಲ್ಲಿ ಎರಡೂ ಮುಖಗಳು ಅಕ್ಕಪಕ್ಕ ನಿಲ್ಲುತ್ತವೆ.

‘ಕವಲುದಾರಿ’ಗೆ ಒಂದು ವರ್ಷ ಮೊದಲು, 2018ರಲ್ಲಿ, ಸೂರಿ ಅವರ ‘ಟಗರು’ ಬಂದಿತ್ತು. ಅಲ್ಲಿ ಶಿವರಾಜ್‌ಕುಮಾರ್ ಅವರ ಪೊಲೀಸ್ ಅಧಿಕಾರಿ ಮತ್ತು ಡಾಲಿ, ಚಿಟ್ಟೆಯರ ನಡುವೆ ಭಾಷೆಯ ವ್ಯತ್ಯಾಸವೇ ಇಲ್ಲ. ಎಲ್ಲರೂ ಮಾತಾಡುವುದು ಹೊಡೆತದಲ್ಲಿ. ಕಾಲವನ್ನು ತುಂಡು ತುಂಡು ಮಾಡಿ ಜೋಡಿಸಿರುವುದರಿಂದ ಯಾವ ಏಟು ಯಾವುದಕ್ಕೆ ಉತ್ತರ ಎಂದು ಹಿಡಿಯುವಷ್ಟರಲ್ಲಿ ಮುಂದಿನದು ಬಿದ್ದಿರುತ್ತದೆ. ‘ಟಗರು’ ಪೊಲೀಸನ ಹಿಂಸೆಯನ್ನು ಕಣ್ಣೀರಿನಲ್ಲಿ ತೊಳೆಯಲು ಹೆಚ್ಚು ಕಷ್ಟಪಡುವುದಿಲ್ಲ. ಅದರ ಬಗ್ಗೆ ನನಗೆ ತಕರಾರುಗಳಿವೆ. ಆದರೆ ಆ ಮಟ್ಟಿಗೆ ಅದು ಪ್ರಾಮಾಣಿಕ.

‘ಕವಲುದಾರಿ’ ಈ ಸಾಲಿನಲ್ಲಿ ಹೊಸದಾಗಿ ಕಂಡದ್ದು ಎರಡು ಕಾರಣಕ್ಕೆ. ಮೊದಲನೆಯದು, ಅದರ ನಾಯಕನಿಗೆ ಆ ಪ್ರಕರಣದಲ್ಲಿ ಯಾವ ಹಕ್ಕೂ ಇಲ್ಲ. ಬಿಳಿ ಅಂಗಿಯ ಟ್ರಾಫಿಕ್ ಪೊಲೀಸ್ ಅವನು. ಖಾಕಿಯೊಳಗೂ ಇರುವ ಮೇಲುಕೀಳನ್ನು ಚಿತ್ರ ಗಟ್ಟಿ ದನಿಯಲ್ಲಿ ಹೇಳದೆ ತೋರಿಸುತ್ತದೆ. ಎರಡನೆಯದು, ಇದು ಓದುವ ಪೊಲೀಸನ ಕಥೆ. ಶ್ಯಾಮ್‌ನ ಸಾಹಸದ ಬಹುಪಾಲು ಹಳೆಯ ಕಾಗದ, ಹಳೆಯ ಪತ್ರಿಕೆ, ಹಳೆಯ ಮನುಷ್ಯರ ನಡುವೆ ನಡೆಯುತ್ತದೆ. ಗ್ರಂಥಾಲಯದ ಧೂಳಿನಲ್ಲಿ ವರ್ಷಗಟ್ಟಲೆ ಕೂತು ಪಿಎಚ್.ಡಿ. ಮಾಡುವ ನನ್ನಂಥವರಿಗೆ ಅವನು ನಮ್ಮವನೇ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲ ಅರ್ಧದಲ್ಲಿ ಅವನನ್ನು ಓಡಿಸುವ ಪ್ರಶ್ನೆ ಕೊಂದವರು ಯಾರು ಎಂಬುದಷ್ಟೇ ಅಲ್ಲ. ಸತ್ತವರು ಯಾರು ಎಂಬುದು. ಮೂಳೆಗೆ ಹೆಸರು ಕೊಡುವುದೇ ಅವನ ಕೆಲಸ. ಆ ಹೆಸರಿಗೆ 40 ವರ್ಷಗಳಿಂದ ‘ಕಳ್ಳ’ ಎಂಬ ಪದ ಅಂಟಿಕೊಂಡಿದೆ ಎಂದು ತಿಳಿದಾಗ, ಪತ್ತೇದಾರಿ ಕಥೆ ಬೇರೆಯದೇ ಎತ್ತರಕ್ಕೆ ಹೋಗುತ್ತದೆ. ಹಳೆಯ ವಸ್ತುಗಳನ್ನು ಕಾಯುವ, ಅವುಗಳ ಲೆಕ್ಕ ಬರೆದಿಡುವ ಕೆಲಸದವನು ತನ್ನದೇ ಲೆಕ್ಕದಲ್ಲಿ ತಪ್ಪಾಗಿ ದಾಖಲಾಗಿಬಿಟ್ಟಿದ್ದಾನೆ. ಅವನ ಪರವಾಗಿ ಕೇಳಬೇಕಾದ ಹೆಂಡತಿ, ಮಗಳು ಅವನ ಪಕ್ಕದಲ್ಲೇ ಮಣ್ಣಾಗಿದ್ದಾರೆ.

ಇಂಥ ಜಾಗದಲ್ಲಿ ಕೇಳುವವರು ಯಾರು ಎಂಬುದನ್ನು ಕಾನೂನು ತಕ್ಕಮಟ್ಟಿಗೆ ಯೋಚಿಸಿದೆ. ಅಸಹಜ ಸಾವಿನ ತನಿಖೆಗೆ ಹೋದ ಪೊಲೀಸ್ ಅಧಿಕಾರಿ, ನೆರೆಹೊರೆಯ ಇಬ್ಬರಾದರೂ ಗೌರವಸ್ಥರ ಸಮ್ಮುಖದಲ್ಲಿ ವರದಿ ಬರೆಯಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು 194ನೇ ಕಲಮಾಗಿದೆ. ಊರಲ್ಲಿ ನಾವು ಪಂಚನಾಮೆ ಅನ್ನುವುದು ಇದನ್ನೇ. ಸತ್ತವರ ಮುಂದೆ ಮೊದಲು ನಿಲ್ಲಬೇಕಾದವರು ನೆರೆಯವರು ಎಂಬ ತಿಳಿವಳಿಕೆ ಅದರಲ್ಲಿದೆ. 40 ವರ್ಷದ ಹಳೆಯ ಮೂಳೆಗಳಿಗೆ ನೆರೆಯವರು ಉಳಿದಿಲ್ಲ. ಆ ಖಾಲಿ ಜಾಗಕ್ಕೆ ಶ್ಯಾಮ್ ಬಂದು ನಿಲ್ಲುತ್ತಾನೆ. ಚಿತ್ರದ ಅತ್ಯಂತ ಒಳ್ಳೆಯ ಯೋಚನೆ ಇದು.

ಆಮೇಲೆ ಮುತ್ತಣ್ಣ ಬರುತ್ತಾನೆ. ಅನಂತನಾಗ್ ಅವರ ನಟನೆಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ದುಃಖವನ್ನು ಮಾತಿನಲ್ಲಿ ಹಾಕದೆ ಸಿಡುಕಿನಲ್ಲಿ, ಕೂರುವ ಭಂಗಿಯಲ್ಲಿ ತೋರಿಸುವ ನಟ ಅವರು. ತೊಂದರೆ ಇರುವುದೂ ಅಲ್ಲೇ. ಅವರು ಬಂದ ಮೇಲೆ ಚಿತ್ರದ ತೂಕ ನಿಧಾನವಾಗಿ ಅವರ ಕಡೆ ವಾಲುತ್ತದೆ. ಒಂದು ಸಂಸಾರ ಕಳೆದುಹೋದ ಕಥೆಯ ಮೇಲೆ ಇನ್ನೊಂದು ಸಂಸಾರ ಕಳೆದುಹೋದ ಕಥೆ ಬಂದು ಕೂರುತ್ತದೆ. ಎರಡನೆಯದಕ್ಕೆ ಅಳುವ ಮುಖವೊಂದು ಇದೆ, ಮೊದಲನೆಯದಕ್ಕೆ ಇಲ್ಲ. ನಮ್ಮ ಕಣ್ಣು ಮುಖವಿರುವ ಕಡೆಗೇ ಹೋಗುತ್ತದೆ. ಗುರುದಾಸನಿಗೆ ಆದ ಅನ್ಯಾಯ ಬರಬರುತ್ತ ಮುತ್ತಣ್ಣನ ಋಣವಾಗಿ, ಮುತ್ತಣ್ಣನ ಸೇಡಾಗಿ, ಮುತ್ತಣ್ಣನ ಬಿಡುಗಡೆಯಾಗಿ ಮಾರ್ಪಡುತ್ತದೆ. ಸತ್ಯ ಗೊತ್ತಾಗುತ್ತದೆ, ನಿಜ. ಯಾರಿಗೆ ಗೊತ್ತಾಗುತ್ತದೆ? ಇಬ್ಬರು ಪೊಲೀಸರಿಗೆ ಮತ್ತು ನೋಡುಗರಾದ ನಮಗೆ. ಆಯಿ ಕೇಳಿದ್ದು ಊರ ಮಂದಿಯ ಬಗ್ಗೆ.

ಈ ಮಾತನ್ನು ವಿಭಾಗದ ಗೆಳೆಯನೊಬ್ಬನ ಮುಂದೆ ಹೇಳಿದಾಗ ಅವನು ಒಪ್ಪಲಿಲ್ಲ. ಗಾಯವಿಲ್ಲದ ಪತ್ತೇದಾರನನ್ನು ಇಟ್ಟುಕೊಂಡು ಈ ಬಗೆಯ ಸಿನಿಮಾ ಮಾಡುವುದು ಸಾಧ್ಯವೇ ಇಲ್ಲ, ಅದು ಈ ಪ್ರಕಾರದ ಲಕ್ಷಣ ಅಂದ. 2020ರಲ್ಲಿ ಬಂದ ರಮೇಶ್ ಅರವಿಂದ್ ಅವರ ‘ಶಿವಾಜಿ ಸುರತ್ಕಲ್’ನಲ್ಲೂ ಹೆಂಡತಿಯ ನೆನಪು ಬೆನ್ನುಬಿಡದ ಪತ್ತೇದಾರನೇ ಇದ್ದಾನಲ್ಲ ಎಂದು ನೆನಪಿಸಿದ. ಅವನ ಮಾತಿನಲ್ಲಿ ಹುರುಳಿದೆ. ಆದರೆ ಗಾಯವಿರುವುದು ಬೇರೆ, ಆ ಗಾಯ ಸತ್ತವರ ಜಾಗವನ್ನು ತೆಗೆದುಕೊಳ್ಳುವುದು ಬೇರೆ.

ಅವನಿಗೆ ನಾನು ಹೇಳಿದ ಉದಾಹರಣೆ ಬಾಂಗ್ ಜೂನ್ ಹೋ ಅವರ ಕೊರಿಯನ್ ಚಿತ್ರ ‘ಮೆಮೊರೀಸ್ ಆಫ್ ಮರ್ಡರ್’. 2003ರದು. 1986ರಿಂದ 1991ರವರೆಗೆ ಹ್ವಾಸಾಂಗ್ ಪ್ರದೇಶದ ಹಳ್ಳಿಗಾಡಿನಲ್ಲಿ ನಡೆದ ಹೆಂಗಸರ ಸರಣಿ ಕೊಲೆಗಳನ್ನು ಆಧರಿಸಿದೆ. ಅಲ್ಲಿಯೂ ಪತ್ತೇದಾರರು ಕುಸಿದುಹೋಗುವ ಮನುಷ್ಯರೇ. ಆದರೆ ಅವರ ಸಂಕಟ ಅವರ ತಪ್ಪನ್ನು ಮುಚ್ಚುವುದಿಲ್ಲ. ಅಮಾಯಕರನ್ನು ಬಡಿದು ತಪ್ಪೊಪ್ಪಿಗೆ ಬರೆಸಿಕೊಳ್ಳುವುದನ್ನು ಚಿತ್ರ ನಮ್ಮ ಕಣ್ಣೆದುರೇ ಇಡುತ್ತದೆ. ನಿಜವಾದ ಅಪರಾಧಿ ಡಿಎನ್‌ಎ ಮೂಲಕ ಪತ್ತೆಯಾದದ್ದು 2019ರಲ್ಲಿ, ಅಂದರೆ ‘ಕವಲುದಾರಿ’ ಬಂದ ವರ್ಷವೇ. ಆ ಕೊಲೆಗಳಲ್ಲಿ ಒಂದಕ್ಕೆ ತಪ್ಪಾಗಿ ಶಿಕ್ಷೆಯಾಗಿ ಸುಮಾರು 20 ವರ್ಷ ಜೈಲಿನಲ್ಲಿದ್ದ ಒಬ್ಬ ಮನುಷ್ಯನನ್ನು 2020ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಮರುವಿಚಾರಣೆ ನಡೆಸಿ ನಿರ್ದೋಷಿ ಎಂದು ಸಾರಿತು. ಹೆಸರು ತೊಳೆಯುವುದೆಂದರೆ ಅದು. ಅದಕ್ಕೆ ನ್ಯಾಯಾಲಯ ಬೇಕು, ಬಾಗಿಲು ತೆರೆದಿರಬೇಕು, ಹೊರಗಿನವರು ಕೇಳಿಸಿಕೊಳ್ಳಬೇಕು.

ಅಷ್ಟು ದೂರವೂ ಹೋಗಬೇಕಿಲ್ಲ. ನಾನು ಓದುವ ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರನ್ನು ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಶಾಸನ, ವಚನ, ಹಸ್ತಪ್ರತಿಗಳ ನಡುವೆ ಬದುಕು ಕಳೆದವರು. ಕನ್ನಡ ಸಂಶೋಧನೆಗೆ ಕಾಲಿಡುವ ಯಾರೂ ಅವರ ‘ಮಾರ್ಗ’ ಸಂಪುಟಗಳನ್ನು ದಾಟದೆ ಮುಂದೆ ಹೋಗುವುದು ಕಷ್ಟ. ಆ ತನಿಖೆ ವರ್ಷಗಟ್ಟಲೆ ಕುಂಟಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕೊಲೆಯಾಯಿತು. ಎರಡೂ ಕೊಲೆಗಳಿಗೆ ಒಂದೇ ಪಿಸ್ತೂಲು ಬಳಕೆಯಾಗಿದೆ ಎಂದು ವಿಧಿವಿಜ್ಞಾನ ವರದಿ ಹೇಳಿತು. ಉಮಾದೇವಿ ಕಲಬುರ್ಗಿಯವರು ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 2019ರ ಫೆಬ್ರುವರಿಯಲ್ಲಿ ಆ ನ್ಯಾಯಾಲಯ ತನಿಖೆಯನ್ನು ಗೌರಿ ಪ್ರಕರಣ ನೋಡುತ್ತಿದ್ದ ವಿಶೇಷ ತಂಡಕ್ಕೆ ವಹಿಸಿ, ಹೈಕೋರ್ಟಿನ ಧಾರವಾಡ ಪೀಠದ ಮೇಲ್ವಿಚಾರಣೆಯಲ್ಲಿ ಇರಿಸಿತು. ಆಗಸ್ಟ್‌ನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ‘ಕವಲುದಾರಿ’ ತೆರೆಗೆ ಬಂದದ್ದು ಇವೆರಡರ ನಡುವಿನ ಏಪ್ರಿಲ್‌ನಲ್ಲಿ.

ಚಿತ್ರವನ್ನು ಮೊದಲ ಸಲ ನೋಡಿದಾಗ ಈ ಹೊಂದಾಣಿಕೆ ನನಗೆ ಹೊಳೆದಿರಲಿಲ್ಲ. ಈಗ ಅನ್ನಿಸುವುದು ಇಷ್ಟು: ಆ ತನಿಖೆ ಮುಂದೆ ಹೋದದ್ದು ನಿದ್ದೆಗೆಟ್ಟ ಒಬ್ಬ ಪತ್ತೇದಾರನಿಂದ ಅಲ್ಲ. ಗುಂಡಿನ ಮೇಲಿನ ಗೆರೆಗಳನ್ನು ಹೋಲಿಸಿ ನೋಡಿದವರಿಂದ, ಹಲವರಿದ್ದ ಒಂದು ತಂಡದಿಂದ, ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದನ್ನು ಬಿಡದ ಒಬ್ಬ ಹೆಣ್ಣುಮಗಳಿಂದ. ನಮ್ಮ ಪೊಲೀಸ್ ಚಿತ್ರಗಳಲ್ಲಿ ಈ ಹೆಣ್ಣುಮಗಳು ಇರುವುದಿಲ್ಲ. ಅವಳನ್ನು ಮೊದಲ ಅರ್ಧಗಂಟೆಯಲ್ಲಿ ಕೊಂದು, ಅವಳ ಕೇಳುವ ಹಕ್ಕನ್ನು ಗಂಡನ ಗಾಯಕ್ಕೆ ಕೊಟ್ಟಿರುತ್ತಾರೆ. ‘ಅಂತ’ದಿಂದ ‘ಕವಲುದಾರಿ’ಯವರೆಗೆ ಹೆಂಡತಿಯ ಸಾವು ಪೊಲೀಸನಿಗೆ ಆಳ ತಂದುಕೊಡುವ ಸಾಧನವಾಗಿಯೇ ಉಳಿದಿದೆ.

ಈಗ ಆಯಿಯ ಪ್ರಶ್ನೆಗೆ ಬರುತ್ತೇನೆ. ಆ ರಾತ್ರಿ ನಾನು ಉತ್ತರ ಕೊಡದಿದ್ದಾಗ ಅವಳೇ ಮಾತು ಮುಂದುವರಿಸಿದಳು. ಅವಳಿಗೊಬ್ಬ ತಮ್ಮ ಇದ್ದ. ಬೇರೆಯವರ ಹೊಲ ಕಾಯುತ್ತಿದ್ದ. ನಾನು ಹುಟ್ಟುವ ಮೊದಲಿನ ಮಾತು. ಹಳ್ಳದ ದಂಡೆಯ ಪಂಪ್‌ಸೆಟ್ ಮೋಟಾರು ಕಳುವಾಯಿತು. ಅವನನ್ನು ಠಾಣೆಗೆ ಕರೆದುಕೊಂಡು ಹೋದರು. ಎರಡು ದಿನ ಇಟ್ಟುಕೊಂಡರು, ಏನೂ ಸಿಗಲಿಲ್ಲ, ಕಳಿಸಿದರು. ಕೆಲವು ತಿಂಗಳ ಮೇಲೆ ಬೇರೆ ಊರಿನ ಯಾರೋ ಸಿಕ್ಕಿಬಿದ್ದರು. ಅಷ್ಟರಲ್ಲಿ ಊರು ಅವನಿಗೆ ಮೋಟಾರಿನ ಹೆಸರನ್ನು ಅಂಟಿಸಿ ಆಗಿತ್ತು. ಸಾಯುವ ತನಕ ಆ ಹೆಸರು ಹೋಗಲಿಲ್ಲ. ಮಗಳಿಗೆ ಗಂಡು ನೋಡಲು ಬಂದವರ ಕಿವಿಗೂ ಬಿತ್ತು.

ಇಷ್ಟು ವರ್ಷ ನನಗೆ ಇದು ಗೊತ್ತಿರಲಿಲ್ಲ. ಸಂಶೋಧನೆಯ ಅಭ್ಯಾಸಬಲದಿಂದ ಕೇಳಿದೆ: “ಕೇಸ್ ಆಗಿತ್ತೇನ? ಕಾಗದ ಏನರ ಐತೇನ?”

“ಕೇಸ್ ಎಲ್ಲೀದ ಯವ್ವಾ,” ಅಂದಳು ಆಯಿ. “ಕೇಸ್ ಆಗಿದ್ರ ಕೋರ್ಟಿನ್ಯಾಗ ಬಿಡತಿದ್ರು. ಬಿಟ್ರು ಅಂತ ಮಂದಿಗೆ ತೋರಸಾಕರ ಬರತಿತ್ತು.”

ನಾನು ಬರೆದ ಯಾವ ಸೆಮಿನಾರ್ ಪ್ರಬಂಧದಲ್ಲೂ ಇಷ್ಟು ಖಚಿತವಾದ ಮಾತಿಲ್ಲ. ಗುರುದಾಸ ನಾಯಕನಿಗೆ ಸುಳ್ಳೇ ಆದರೂ ಒಂದು ಕಡತವಿತ್ತು. ಅದರಿಂದಲೇ ಶ್ಯಾಮ್‌ಗೆ ಓದಲು ಏನೋ ಸಿಕ್ಕಿತು. ಹಳ್ಳಿಯ ಬಡವನ ಮೇಲಿನ ಗುಮಾನಿಗೆ ಕಾಗದವೇ ಇರುವುದಿಲ್ಲ. ಬಿ ರಿಪೋರ್ಟ್ ಆಗಲೀ ಸಿ ರಿಪೋರ್ಟ್ ಆಗಲೀ ಬೀಳಬೇಕಾದರೆ ಮೊದಲು ಪ್ರಕರಣ ದಾಖಲಾಗಬೇಕಲ್ಲ. ದಾಖಲೆಯೇ ಇಲ್ಲದ ಅಪವಾದವನ್ನು ಎಂಥ ಚತುರ ಪತ್ತೇದಾರನೂ ತಿದ್ದಲಾರ. ಅದನ್ನು ತಿದ್ದಬೇಕಾದವರು ಜನ, ಬಾಯಿಂದ ಬಾಯಿಗೆ ಅದನ್ನು ಹರಡಿದವರೇ. ಆ ಜನ ಸುಮ್ಮನಿದ್ದರು.

ಇದನ್ನೆಲ್ಲ ಒಂದು ಬೆಂಗಳೂರು ಥ್ರಿಲ್ಲರ್‌ನ ಮೇಲೆ ಹೊರಿಸುವುದು ನ್ಯಾಯವೇ ಎಂದು ಕೇಳಬಹುದು. ‘ಕವಲುದಾರಿ’ ಸಾಮಾನ್ಯ ಚಿತ್ರವಾಗಿದ್ದರೆ ಹೊರಿಸುತ್ತಿರಲಿಲ್ಲ. ಮೂಳೆಗಳಿಗೆ ಹೆಸರು ಹುಡುಕಲು ಹೊರಟ ಚಿತ್ರ ಅದು. ಕಳ್ಳ ಎನ್ನಿಸಿಕೊಂಡು ಸತ್ತವನ ಬಗ್ಗೆ ಯೋಚಿಸುವಂತೆ ನನಗೆ, ನನ್ನ ಆಯಿಗೆ ಕಲಿಸಿದ್ದೂ ಅದೇ. ಆ ಪ್ರಶ್ನೆಯನ್ನು ಎತ್ತಿದ ಮೇಲೆ ಅದನ್ನು ಮುತ್ತಣ್ಣನ ಮಡಿಲಿಗೆ ಹಾಕಿ ಪಕ್ಕಕ್ಕೆ ಸರಿದದ್ದು ನನಗೆ ಕೊರತೆಯಾಗಿ ಕಾಣುತ್ತದೆ. ಶ್ಯಾಮ್ ಕೊನೆಗೆ ಎಂಥ ಪೊಲೀಸ್ ಆದ ಎಂಬುದಕ್ಕಿಂತ, ಅಧಿಕಾರವಿಲ್ಲದ ದಿನಗಳಲ್ಲಿ ಅವನು ಕೇಳಿದ ಪ್ರಶ್ನೆಗಳೇ ನನಗೆ ಹೆಚ್ಚು ಬೆಲೆಯವು. ಆಗ ಅವನು ಪತ್ತೇದಾರನಾಗಿರಲಿಲ್ಲ, ಸತ್ತವರ ನೆರೆಯವನಾಗಿದ್ದ.

ಮಲಗುವ ಮುಂಚೆ ಆಯಿ ಇನ್ನೊಂದು ಮಾತು ಅಂದಳು: “ಆ ಪೊಲೀಸಪ್ಪಗ ದುಃಖ ಐತಿ, ಖರೆ. ಅವಂಗರ ನಾವು ಅತ್ತೀವಿ.” ದೀಪ ಆರಿಸಿದ ಮೇಲೆ ಕತ್ತಲಲ್ಲಿ ತಮ್ಮನ ಹೆಸರನ್ನು ಒಮ್ಮೆ ಹೇಳಿದಳು. ಮೋಟಾರಿನದಲ್ಲ, ಅವ್ವ ಅಪ್ಪ ಇಟ್ಟ ಹೆಸರು. ನಾನು ಅದನ್ನು ಕೇಳಿದ್ದು ಅದೇ ಮೊದಲು.